ನಾಲಗೆ ಚಾಚಿದ ಎದೆಗವಚ

ಗ್ರೀಕ್ ದೇವಿ ಅಥೀನಾಳನ್ನು ಬಿಡಿಸುವುದು ಕಷ್ಟವಲ್ಲ. ಶಿರಸ್ತ್ರಾಣ, ಈಟಿ, ಗೂಬೆ, ರಕ್ಕಸಿ ಮೆಡೂಸಾಳ ತಲೆಯಿರುವ ಎದೆಗವಚ ಇಷ್ಟಿದ್ದರೆ ಯಾರಾದರೂ ಗುರುತು ಹಿಡಿಯುತ್ತಾರೆ. ವಿಯೆನ್ನಾದ ಗುಸ್ತಾವ್ ಕ್ಲಿಮ್ಟ್ 1898ರಲ್ಲಿ ‘ಪಲ್ಲಾಸ್ ಅಥೀನಾ’ ಬಿಡಿಸಿದಾಗ ಇವುಗಳಲ್ಲಿ ಒಂದನ್ನೂ ಕೈಬಿಡಲಿಲ್ಲ. ಆದರೂ ಈ ದೇವಿ ಹಳಬಳಂತೆ ಕಾಣುವುದಿಲ್ಲ.

75 ಸೆಂಟಿಮೀಟರಿನ ಚೌಕ ಕ್ಯಾನ್ವಾಸು. ಲೋಹದ ಚೌಕಟ್ಟು ಕ್ಲಿಮ್ಟ್‌ನ ತಮ್ಮ ಗಿಯೋರ್ಗ್‌ನ ಕೈಕೆಲಸ. ಬಂಗಾರದ ಹುರುಪೆ ಹುರುಪೆಯಾದ ಕವಚದ ನಡುವೆ ಮೆಡೂಸಾ ನಾಲಗೆ ಚಾಚಿದ್ದಾಳೆ. ಹಳೆಯ ಗ್ರೀಕ್ ಶಿಲ್ಪಗಳಲ್ಲೂ ಅವಳು ಹೀಗೇ. ಆದರೆ ಸಂಪ್ರದಾಯಸ್ಥ ಕಲಾವಿದರ ಸಂಘವನ್ನು ತೊರೆದು, ಗೆಳೆಯರೊಂದಿಗೆ ‘ಸೆಸೆಷನ್’ ಎಂಬ ಹೊಸ ಬಳಗ ಕಟ್ಟಿ ವರ್ಷವೊಂದಷ್ಟೇ ಕಳೆದಿದ್ದವನ ಕುಂಚದಲ್ಲಿ ಆ ನಾಲಗೆ ಯಾರನ್ನು ಅಣಕಿಸುತ್ತಿದೆ ಎಂದು ಬಿಡಿಸಿ ಹೇಳಬೇಕೆ?

ಗೂಬೆಯನ್ನು ಹಿಂದಿನ ಕತ್ತಲಲ್ಲಿ ಹುಡುಕಬೇಕು. (ನಮ್ಮಲ್ಲಿ ಗೂಬೆ ಕೂರಿಸುವುದೆಂದರೆ ಅಪವಾದ ಹೊರಿಸುವುದು, ಅಥೆನ್ಸಿನವರು ಅದನ್ನು ತಮ್ಮ ಬೆಳ್ಳಿ ನಾಣ್ಯದ ಮೇಲೇ ಕೂರಿಸಿದ್ದರು.)

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅಂಗೈಯ ಪುಟ್ಟ ಬೊಂಬೆ. ಅಥೆನ್ಸಿನ ಪಾರ್ಥೆನಾನ್ ಗುಡಿಗೆ ಶಿಲ್ಪಿ ಫಿಡಿಯಾಸ್ ಮಾಡಿದ ಅಥೀನಾಳ ಕೈಯಲ್ಲಿ ರೆಕ್ಕೆಯ ವಿಜಯದೇವತೆ ನೈಕಿ ಇದ್ದಳು. ಕ್ಲಿಮ್ಟ್ ಆ ಜಾಗದಲ್ಲಿ ಕನ್ನಡಿ ಹಿಡಿದ, ಕೆಂಗೂದಲಿನ ಬೆತ್ತಲೆ ಹೆಣ್ಣನ್ನು ನಿಲ್ಲಿಸಿದ. ಅವಳೇ ಸತ್ಯ. ಮರುವರ್ಷ ಅವಳನ್ನೇ ಆಳೆತ್ತರಕ್ಕೆ ಬೆಳೆಸಿ ‘ನೂಡಾ ವೆರಿಟಾಸ್’ ಎಂಬ ಬೇರೆ ಚಿತ್ರ ಮಾಡಿದ.

ಇಷ್ಟೆಲ್ಲ ಆಯುಧಗಳ ನಡುವೆ ಅಥೀನಾಳ ಮುಖದಲ್ಲಿ ಮಾತ್ರ ಯಾವ ಗಡಿಬಿಡಿಯೂ ಇಲ್ಲ. ನಸುಬಣ್ಣದ ಕಣ್ಣುಗಳಿಂದ ನೆಟ್ಟಗೆ ನಮ್ಮನ್ನೇ ನೋಡುತ್ತಾಳೆ.