‘ಒಂದು ಫಾಂದಾಂಗೊ’: ಕಲ್ಲಚ್ಚಿನ ಚಿತ್ರವೊಂದರ ಸಾಕ್ಷ್ಯವಿಚಾರ

ಮೆಕ್ಸಿಕೊ ನಗರದಲ್ಲಿ ದೆಕಾಏನ್ ಎಂಬ ಮುದ್ರಕನು 1855-56ರಲ್ಲಿ ಆ ನಗರವನ್ನೂ ಅದರ ಪರಿಸರವನ್ನೂ ಚಿತ್ರಿಸುವ ಒಂದು ಚಿತ್ರಸಂಪುಟವನ್ನು ಪ್ರಕಟಿಸಿದನು. ಅದರಲ್ಲಿ ಕಾಸಿಮಿರೊ ಕಾಸ್ತ್ರೊವಿನ ಹೆಸರಿನೊಡನೆ ಪ್ರಸಿದ್ಧವಾದ ‘ಮೆಕ್ಸಿಕೊದ ಉಡುಪುಗಳು, ಒಂದು ಫಾಂದಾಂಗೊ’ ಎಂಬ ಚಿತ್ರವನ್ನು ಆ ನಾಡಿನ ಸಾಂಪ್ರದಾಯಿಕ ನೃತ್ಯಕ್ಕೆ ಪ್ರತ್ಯಕ್ಷ ಪ್ರಮಾಣವೆಂದು ಎಣಿಸುವುದುಂಟು. ಈ ಎಣಿಕೆಯನ್ನು ನಾವು ಪೂರ್ಣವಾಗಿ ಒಪ್ಪಲಾರೆವು.

ಕಲ್ಲಚ್ಚಿನಲ್ಲಿ ಕಲಾವಿದನು ಜಿಡ್ಡಿನ ಕಡ್ಡಿಯಿಂದ ನೇರವಾಗಿ ಶಿಲೆಯ ಮೇಲೆ ಬರೆಯಬಹುದು. ನಡುವೆ ಕೆತ್ತುವವನ ಕೈ ಬರಬೇಕಾಗಿಲ್ಲ. (1843ರಲ್ಲಿ ‘ಮಂಗಳೂರ ಸಮಾಚಾರ’ವು ಹೊರಟದ್ದೂ ಕಲ್ಲಚ್ಚಿನಲ್ಲಿಯೇ ಎಂಬುದನ್ನು ವಾಚಕರು ಬಲ್ಲರು.) ಇಟಲಿಯ ಲಿನಾತಿ 1826ರ ವೇಳೆಗೆ ಈ ವಿದ್ಯೆಯನ್ನು ಮೆಕ್ಸಿಕೊಗೆ ತಂದನು. ಕಾಸ್ತ್ರೊವಂತೂ ಇದರಲ್ಲಿ ನಿಷ್ಣಾತ. ಬೆಲೂನಿನಿಂದ ಕಂಡಂತೆ ನಗರವನ್ನು ಬರೆದ ಅವನ ಚಿತ್ರಗಳೂ ಇದೇ ಸಂಪುಟದಲ್ಲಿವೆ. ಆದುದರಿಂದ ಅಗಲವಾದ ಟೋಪಿ, ರೆಬೋಸೊ ಎಂಬ ಮೇಲುಹೊದಿಕೆ, ತುಂಬುನೆರಿಗೆಯ ಲಂಗ ಇವುಗಳ ವಿಷಯದಲ್ಲಿ ಚಿತ್ರವನ್ನು ಧಾರಾಳವಾಗಿ ನಂಬಬಹುದು. ಶೀರ್ಷಿಕೆಯಲ್ಲಿ ಉಡುಪೇ ಮೊದಲು, ಕುಣಿತ ಅನಂತರ.

ಆದರೆ ಕುಣಿತ ಯಾವುದು? ‘ಫಾಂದಾಂಗೊ’ ಎಂಬುದು ಅಂದಿನ ಮೆಕ್ಸಿಕೊದಲ್ಲಿ ಒಂದೇ ನೃತ್ಯದ ಹೆಸರಾಗಿರದೆ, ಜನರು ಕೂಡಿ ಹಾಡಿ ಕುಣಿಯುವ ಕೂಟಕ್ಕೇ ಸಲ್ಲುತ್ತಿದ್ದ ಮಾತು. ಎದುರೆದುರು ನಿಂತ ಜೋಡಿಯನ್ನೂ ಸುತ್ತಲಿನ ಜನರನ್ನೂ ಚಿತ್ರವು ತೋರಿಸುತ್ತದೆ; ಆ ನೃತ್ಯಗಳ ಜೀವವಾದ, ನೆಲವನ್ನು ಮೆಟ್ಟಿ ಹೊರಡಿಸುವ ಪಾದತಾಳವು ಕಾಗದಕ್ಕೆ ಬಾರದು. ಅದಕ್ಕಿಂತ ಗುರುತರವಾದ ಲೋಪ ಇನ್ನೊಂದಿದೆ. 1802ರಲ್ಲಿ ವೈಸರಾಯ್ ಮಾರ್ಕೀನಾ ‘ಹರಾಬೆ ಗಾತೂನೊ’ ಎಂಬ ಜೋಡಿಕುಣಿತವನ್ನು ಅಶ್ಲೀಲವೆಂದು ನಿಷೇಧಿಸಿದ್ದನು. ಇಂತಹ ಕುಣಿತಗಳಲ್ಲಿ ಅಧಿಕಾರಕ್ಕೆ ಅಸಹ್ಯವೆನಿಸಿದ ಅಂಶವೇನೆಂಬುದಕ್ಕೆ ನಿಷೇಧಾಜ್ಞೆಗಳೂ ಇನ್‌ಕ್ವಿಸಿಷನ್ನಿನ ಕಡತಗಳೂ ಸಾಕ್ಷಿ. ಅರ್ಧಶತಮಾನದ ಬಳಿಕ ಬಂದ ಈ ಚಿತ್ರದಲ್ಲಿ ಅದರ ಸುಳಿವೇ ಇಲ್ಲ. ಎಲ್ಲವೂ ಸೌಮ್ಯ, ಸುಂದರ. 1846-48ರ ಯುದ್ಧದಲ್ಲಿ ಭೂಪ್ರದೇಶದ ಸುಮಾರು ಅರ್ಧವನ್ನು ಅಮೆರಿಕದ ಸಂಯುಕ್ತ ಸಂಸ್ಥಾನಗಳಿಗೆ ಕಳೆದುಕೊಂಡ ನಾಡು ತನ್ನದೆಂದು ಹೇಳಿಕೊಳ್ಳಬಹುದಾದ ಮುಖವೊಂದನ್ನು ಅರಸುತ್ತಿದ್ದ ಕಾಲವದು. ಸಂಪುಟವನ್ನು ಕೊಳ್ಳುವ ಶಕ್ತಿಯಿದ್ದವರಿಗೆ ರುಚಿಸಿದ ಜನಪದ ಯಾವುದೆಂಬುದನ್ನು ಈ ಚಿತ್ರ ಚೆನ್ನಾಗಿ ತಿಳಿಸುತ್ತದೆ. ಕುಣಿದವರ ಮನಸ್ಸನ್ನು ತಿಳಿಯಬಯಸುವ ವಿದ್ಯಾರ್ಥಿಯು, ನಮ್ಮ ಮಟ್ಟಿಗೆ ವಿಚಿತ್ರವೆಂದೇ ತೋರುತ್ತದೆ, ಅವರನ್ನು ದ್ವೇಷಿಸಿದವರ ಕಾಗದಪತ್ರಗಳನ್ನೇ ಮೊದಲು ಓದಬೇಕಾಗುತ್ತದೆ.

ಉಡುಪಿನ ಈ ಪ್ರಾಧಾನ್ಯ ಕಾಸ್ತ್ರೊವಿನೊಡನೆ ಮುಗಿಯಲಿಲ್ಲ. 1919ರಲ್ಲಿ ರಷ್ಯದ ನರ್ತಕಿ ಆನಾ ಪಾವ್ಲೋವಾ ಮೆಕ್ಸಿಕೊ ನಗರದಲ್ಲಿ ಹರಾಬೆಯನ್ನು ಪ್ರದರ್ಶಿಸಿದಾಗ, ವೇಷವು ದೇಶೀಯವೇ ಆಗಿತ್ತು. ಆದರೆ ಹಿಮ್ಮಡಿಯಿಂದ ನೆಲವನ್ನು ಮೆಟ್ಟುವ ಆ ಕುಣಿತವನ್ನು ಆಕೆ ಕಾಲ್ಬೆರಳ ತುದಿಯ ಮೇಲೆ ನಿಂತು ಕುಣಿದಳು.