ಸಂತ ಮಾರ್ಕನ ಇಗರ್ಜಿ: ಹೊನ್ನಿನ ಸಾಕ್ಷ್ಯ

ವೆನಿಸ್ ನಗರದ ಸಂತ ಮಾರ್ಕನ ಇಗರ್ಜಿಯನ್ನು ಹೊಕ್ಕವರು ಮೊದಲು ತಲೆಯೆತ್ತಿ ನಿಂತುಬಿಡುವರು. ಐದು ಗುಮ್ಮಟಗಳ ಒಳಮೈಯೂ ಕಮಾನುಗಳೂ ಸುಮಾರು 8,000 ಚದರ ಮೀಟರಿನಷ್ಟು ಮೊಸಾಯಿಕ್ ಚಿತ್ರಗಳಿಂದ ತುಂಬಿವೆ. ಗಾಜಿನ ನಡುವೆ ಚಿನ್ನದ ರೇಕನ್ನಿಟ್ಟ ಸಣ್ಣ ಬಿಲ್ಲೆಗಳನ್ನು ಗಾರೆಯಲ್ಲಿ ಕೂಡಿಸಿದ ಕೆಲಸವದು; ಬೆಳಕು ಸರಿದಂತೆಲ್ಲ ಹೊನ್ನು ಉಸಿರಾಡಿದಂತೆ ತೋರುವುದು. ಪ್ರವಾಸಿಗಳ ಪ್ರಶಂಸೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ವಿಮರ್ಶೆಯು ಇಲ್ಲಿಂದ ಮೊದಲಾಗಬೇಕು.

ಈ ವೈಭವವೆಲ್ಲ ಪ್ರಧಾನ ಬಲಿಪೀಠದಡಿಯ ಅಸ್ಥಿಗಳಿಗಾಗಿ. ಸುವಾರ್ತೆಯನ್ನು ಬರೆದ ಮಾರ್ಕನವೆಂದು ನಂಬಲಾದ ಇವನ್ನು 828ರಲ್ಲಿ ವೆನಿಸಿನ ವರ್ತಕರು ಅಲೆಗ್ಸಾಂಡ್ರಿಯದಿಂದ ಕದ್ದು, ಮುಸಲ್ಮಾನ ಅಧಿಕಾರಿಗಳು ಮುಟ್ಟದಂತೆ ಹಂದಿಮಾಂಸದಡಿ ಅಡಗಿಸಿ ತಂದರೆಂದು ಐತಿಹ್ಯವಿದೆ. ನಗರವು ಈ ಕಳವನ್ನು ಮುಚ್ಚಿಡಲಿಲ್ಲ. ತನ್ನ ಪವಿತ್ರ ಗೋಡೆಗಳ ಮೇಲೆಯೇ ಚಿತ್ರಿಸಿಕೊಂಡಿತು.

ಮುಂಭಾಗದ ಸಂತ ಅಲಿಪಿಯೊ ದ್ವಾರದ ಮೇಲಣ 13ನೆಯ ಶತಮಾನದ ಚಿತ್ರವು ಈ ದೃಷ್ಟಿಯಿಂದ ಅತ್ಯಂತ ಗಮನಾರ್ಹವಾದುದು. ಅದರಲ್ಲಿ ಜನರು ಸಂತನ ದೇಹವನ್ನು ಇಗರ್ಜಿಯೊಳಕ್ಕೆ ಒಯ್ಯುತ್ತಿದ್ದಾರೆ. ಆದರೆ ಅಲ್ಲಿ ಬರೆದಿರುವ ಕಟ್ಟಡವು 828ರದಲ್ಲ; 1063ರ ಸುಮಾರಿಗೆ ಆರಂಭವಾದ ಈಗಿನದೇ. ಅದರ ಮೇಲಿರುವ ಕಂಚಿನ ಕುದುರೆಗಳಾದರೋ 1204ರಲ್ಲಿ ಕಾನ್‌ಸ್ಟಾಂಟಿನೋಪಲ್ ಸೂರೆಯಾದ ಮೇಲೆ ಬಂದವು. ಇದನ್ನು ಕಾಲದೋಷವೆಂದು ತಳ್ಳಿಬಿಡುವುದು ಸುಲಭ. ಆದರೆ ಆಗ ಈ ಇಗರ್ಜಿಯು ರಾಜ್ಯಾಧಿಪತಿಯ ಸ್ವಂತ ದೇವಾಲಯವಾಗಿದ್ದಿತು. ನಗರದ ಪ್ರಧಾನ ಇಗರ್ಜಿಯಾದದ್ದು 1807ರಲ್ಲಿ. ಕಳವು, ಕಟ್ಟಡ, ಸೂರೆ ಮೂರನ್ನೂ ಒಂದೇ ಮೆರವಣಿಗೆಯಾಗಿಸಿ ಚಿತ್ರವು ರಾಜ್ಯದ ಸಂಪಾದನೆಯನ್ನು ದೈವಸಂಕಲ್ಪವೆಂದು ಒಪ್ಪಿಸುತ್ತದೆ. ನೋಡುವವನು ಒಪ್ಪಿಯೂಬಿಡುತ್ತಾನೆ. ಕಲೆಯ ಶಕ್ತಿಯೂ ಅಪಾಯವೂ ಇದೇ.

ಹಾಗೆಂದು ಚಿತ್ರವನ್ನು ಹಳಿಯುವುದು ತಕ್ಕುದಲ್ಲ. ಸುಳ್ಳು ಹೇಳಬಯಸುವ ಕಲೆಯು ಕುದುರೆಗಳನ್ನು ಮರೆಮಾಡುತ್ತಿತ್ತು. ಇದು ಅವನ್ನು ನೆತ್ತಿಯ ಮೇಲೆ ನಿಲ್ಲಿಸಿದೆ. ಹೆಮ್ಮೆಯಿಂದ ಬರೆದುದು ಕಾಲಾಂತರದಲ್ಲಿ ಸಾಕ್ಷ್ಯವಾಯಿತು. 1797ರಲ್ಲಿ ನೆಪೋಲಿಯನ್ನನ ಸೈನ್ಯವು ಅದೇ ಕುದುರೆಗಳನ್ನು ಪ್ಯಾರಿಸಿಗೆ ಸಾಗಿಸಿದಾಗ ಸೂರೆಯ ಸಂಕಟವನ್ನು ವೆನಿಸೂ ಅರಿಯಬೇಕಾಯಿತು. ಅವು ಮರಳಿದ್ದು 1815ರಲ್ಲಿ. ಈಗ ಮೂಲ ಕುದುರೆಗಳು ಒಳಗಣ ಸಂಗ್ರಹಾಲಯದಲ್ಲಿವೆ, ಹೊರಗಿರುವುವು ಪ್ರತಿಕೃತಿಗಳು.

1968ರಲ್ಲಿ ಪೋಪ್ ಆರನೆಯ ಪಾಲರು ಸಂತನ ಅವಶೇಷಗಳಲ್ಲಿ ಒಂದಂಶವನ್ನು ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತಸಭೆಗೆ ಮರಳಿ ಕೊಡಿಸಿದರು. ಅಲಿಪಿಯೊ ದ್ವಾರದ ಚಿತ್ರದಲ್ಲಿ ಮೆರವಣಿಗೆಯು ಇಂದಿಗೂ ಒಳಮುಖವಾಗಿಯೇ ನಡೆದಿದೆ. ಅದರ ಚೆಲುವು ಇದರಿಂದ ಕುಂದಿಲ್ಲ. ಆದರೆ ಹೊರಟ ಊರನ್ನೂ ನೆನೆಯದೆ ಆ ಚೆಲುವನ್ನು ಪೂರ್ಣವಾಗಿ ನೋಡಿದಂತಾಗದು.