ಸೋಫಿಯ ಅಂಚೆಪೆಟ್ಟಿಗೆ

ತತ್ತ್ವಶಾಸ್ತ್ರದ ಮೊದಲ ಪಾಠ ಕಾದಂಬರಿಯಿಂದ ಆಗಬಹುದೇ? ನಾರ್ವೆಯ ಯೂಸ್ಟೈನ್ ಗಾರ್ಡರ್ 1991ರಲ್ಲಿ ಪ್ರಕಟಿಸಿದ ‘ಸೋಫಿಯ ಜಗತ್ತು’ ಆಗಬಹುದೆಂದು ತೋರಿಸಿತು. ಗಾರ್ಡರ್ ಹದಿಹರೆಯದವರಿಗೆ ತತ್ತ್ವಶಾಸ್ತ್ರ ಕಲಿಸಿದ ಮೇಷ್ಟ್ರು. ಪಾಠದಲ್ಲಿ ಎಲ್ಲಿ ಆಕಳಿಕೆ ಬರುತ್ತದೆಂದು ಬಲ್ಲವರು.

ಹದಿನೈದಕ್ಕೆ ಕಾಲಿಡಲಿರುವ ಸೋಫಿಯ ಅಂಚೆಪೆಟ್ಟಿಗೆಗೆ ಅನಾಮಧೇಯ ಚೀಟಿಯೊಂದು ಬೀಳುತ್ತದೆ. ಅವಳು ಯಾರೆಂದು ಅವಳನ್ನೇ ಕೇಳುವ ಚೀಟಿ! ಪಾಠಕ್ಕಿಂತ ಮೊದಲು ಪ್ರಶ್ನೆ ಬರುವುದೇ ಇಲ್ಲಿನ ಜಾಣ್ಮೆ. ಡೆಮಾಕ್ರಿಟಸ್‌ನ ಪರಮಾಣುವಾದ ತಿಳಿಯುವ ಮುನ್ನ, ಲೆಗೋ ಅಷ್ಟು ಚತುರ ಆಟಿಕೆ ಏಕೆಂದು ಅವಳು ಯೋಚಿಸಬೇಕು.

ನಿಜವಾದ ಕಸುಬುಗಾರಿಕೆ ಇರುವುದು ತತ್ತ್ವಜ್ಞಾನಿ ಬರ್ಕ್ಲಿಯ ಅಧ್ಯಾಯದಲ್ಲಿ. ಇರುವುದೆಲ್ಲ ದೇವರ ಮನಸ್ಸಿನಲ್ಲಿದೆ ಎಂಬ ವಾದ ಕಲಿಯುವಾಗಲೇ, ತಾನೂ ಗುರು ಆಲ್ಬರ್ಟೊನೂ ಒಬ್ಬ ಮೇಜರ್‌ನ ಕಲ್ಪನೆ ಮಾತ್ರವೇನೋ ಎಂಬ ಅನುಮಾನ ಸೋಫಿಯನ್ನು ಮುತ್ತುತ್ತದೆ. ಮುಂದಿನ ಅಧ್ಯಾಯದಲ್ಲಿ ಮೇಜರ್‌ನ ಮಗಳು ಹಿಲ್ಡೆ, ಹುಟ್ಟುಹಬ್ಬದ ಉಡುಗೊರೆಯಾಗಿ ಬಂದ ಈ ಕಥೆಯನ್ನೇ ಓದಲು ಕೂರುತ್ತಾಳೆ! ವಾದ ಹೀಗೆ ಘಟನೆಯಾಗುವುದು ಪಠ್ಯಪುಸ್ತಕದಲ್ಲಿ ಸಾಧ್ಯವಿಲ್ಲ.

ಕೊರತೆಗಳೂ ಇವೆ. ಕಾಂಟ್, ಹೆಗೆಲ್‌ರ ಜಟಿಲ ವಾದಗಳು ಬೇಗ ಮುಗಿದುಹೋಗುತ್ತವೆ. ಸೋಫಿ ತಲೆಯಾಡಿಸುವಷ್ಟು ಜಗಳ ತೆಗೆಯುವುದಿಲ್ಲ. ಭಾರತೀಯ ದರ್ಶನಗಳಿಗೆ ಸಿಕ್ಕಿರುವ ಜಾಗ ತೀರಾ ಕಡಿಮೆ. ಅದಕ್ಕೆ ನಮ್ಮ ಮೈಸೂರಿನ ಎಂ. ಹಿರಿಯಣ್ಣನವರನ್ನೇ ಓದಬೇಕು. ಆದರೂ ಪ್ಲೇಟೊನ ಸಂವಾದವನ್ನೋ ಡೆಕಾರ್ಟ್‌ನ ಗ್ರಂಥವನ್ನೋ ಕೈಗೆತ್ತಿಕೊಳ್ಳುವ ಧೈರ್ಯವನ್ನು ಈ ಕಥೆ ಕೊಡುತ್ತದೆ. ಹೊಸಬರಿಗೆ ಮೊದಲು ಬೇಕಾದದ್ದು ಅದೇ.